ಬ್ಯಾಂಕಿನ ಅಮ್ಮ

1998ರ ಡಿಸೆಂಬರ್. ನಾನು ದಿಂಡಿಗಲ್ಲಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಇಂಗ್ಲಿಷ್ ಓದುತ್ತಿದ್ದೆ. ತಮಿಳುನಾಡಿನ ತೇನಿ ಕಡೆಯ ಕೊಂಬೈಗೆ, ಮನೆಯಲ್ಲಿ ಕನ್ನಡ ಆಡುವ ನಮ್ಮವರ ಊರಿಗೆ, ಬಂದಾಗಲೆಲ್ಲ ಚಿಕ್ಕವ್ವನ ಮಗಳು ಅಮುದಾಳ ಹೋಂವರ್ಕ್ ನನ್ನ ಪಾಲಿಗೆ. ಅವಳು ಎಂಟನೇ ಕ್ಲಾಸು. ಈ ಸಲ ಬರೆಯಬೇಕಿದ್ದದ್ದು ‘ನನ್ನ ತಾಯಿ’, ಒಂದು ಪುಟ, ಇಂಗ್ಲಿಷಿನಲ್ಲಿ.

ಅವಳೇ ಒಂಬತ್ತು ಸಾಲು ಬರೆದಿದ್ದಳು. ಅಮ್ಮ ದ್ರಾಕ್ಷಿ ತೋಟದಲ್ಲಿ ಗೊಂಚಲಿನ ಹೆಚ್ಚಿನ ಕಾಯಿ ಕತ್ತರಿಸುತ್ತಾಳೆ. ಚಪ್ಪರದ ಕೆಳಗೆ ನಿಂತು ದಿನವಿಡೀ ಮೇಲೆ ನೋಡುತ್ತಾಳೆ. ಸಂಜೆ ಕತ್ತು ಬಗ್ಗುವುದಿಲ್ಲ, ತಟ್ಟೆ ನೋಡದೆ ಉಣ್ಣುತ್ತಾಳೆ. ಸಾಲಿಗೆ ಎರಡು ತಪ್ಪು.

“ಇದನ್ನ ಕೊಟ್ರೆ ಟೀಚರ್ ನಗ್ತಾರೆ.”

“ನಗ್ಲಿ ಅಣ್ಣಾ. ನಿಜ ತಾನೆ?”

ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆದೆ. ನಾನು ಬರೆದ ತಾಯಿಗೆ ತೇನಿಯ ಬ್ಯಾಂಕಿನಲ್ಲಿ ಕೆಲಸ. ಕನ್ನಡಕ ಹಾಕುತ್ತಾಳೆ, ಮಗಳಿಗೆ ಇಂಗ್ಲಿಷ್ ಕಥೆ ಓದಿ ಹೇಳುತ್ತಾಳೆ. ಒಂದು ತಪ್ಪೂ ಇರಲಿಲ್ಲ.

ಅದಕ್ಕೆ ಮೊದಲ ಬಹುಮಾನ ಬಂತು. ಟೀಚರ್ ಆ ವರ್ಷವೇ ಮದುರೈಯಿಂದ ಬಂದವರು, ಊರಿನವರ ಪರಿಚಯವಿರಲಿಲ್ಲ. ಪೊಂಗಲ್‌ಗೆ ಮೊದಲು ಹೆತ್ತವರನ್ನೆಲ್ಲ ಶಾಲೆಗೆ ಕರೆಸಿದರು. ಚಿಕ್ಕವ್ವ ಪಾಂಡಿಯಮ್ಮಾಳ್ ಅರ್ಧ ದಿನದ ಕೆಲಸ ಬಿಟ್ಟು, ಕನಕಾಂಬರ ಮುಡಿದು ನನ್ನ ಜೊತೆ ಹೊರಟಳು.

“ನನ್ನ ಏನಂತ ಬರ್ದವಳೆ ಲೇ ಜೆಯಾ?”

“ಒಳ್ಳೇದಾಗೇ ಬರ್ದವಳೆ.”

“ಬಾಯಿ ಜೋರು ಅಂತ ಬರ್ದಿದ್ರೆ ಅಲ್ಲೇ ಬಾರಿಸ್ತೀನಿ,” ಎಂದು ನಕ್ಕಳು.

ಟೀಚರ್ ಪುಟವನ್ನು ಓದಿ, ಹೆತ್ತವರಿಗಾಗಿ ತಮಿಳಿನಲ್ಲೂ ಹೇಳಿದರು. ಬ್ಯಾಂಕ್ ಎಂದಾಗ ಚಿಕ್ಕವ್ವ ನನ್ನ ಕಡೆ ತಿರುಗಿದಳು. ಕನ್ನಡಕ ಎಂದಾಗ ನೋಡುವುದನ್ನೂ ಬಿಟ್ಟಳು.

“ಅಮುದಾಳ ಅಮ್ಮ ಬಂದಿದಾರಾ?” ಟೀಚರ್ ತಮಿಳಿನಲ್ಲಿ ಕೇಳಿದರು.

ವೇದಿಕೆಯ ಮೇಲಿದ್ದ ಅಮುದಾ ನನ್ನನ್ನೇ ನೋಡಿದಳು. ನಾನು ಎದ್ದೆ. “ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ ಟೀಚರ್.”

ಹುಡುಗಿಯ ಬಹುಮಾನ ಉಳಿಸಲು ಹಾಗೆಂದೆ ಎಂದು ಅಂದುಕೊಂಡೆ. ಸುಳ್ಳು. ಬರೆದವನು ನಾನೆಂದು ಗೊತ್ತಾಗಬಾರದಿತ್ತು, ಅಷ್ಟೆ.

“ಮತ್ತೆ ನಿಮ್ಮ ಪಕ್ಕದಲ್ಲಿರೋ ಅಮ್ಮ?”

ಚಿಕ್ಕವ್ವನೇ ತಮಿಳಿನಲ್ಲಿ ಉತ್ತರಿಸಿದಳು: “ನಾನು ಪಕ್ಕದ ಮನೆಯವಳು. ಸುಮ್ಮನೆ ನೋಡೋಕೆ ಬಂದೆ.”

ಅಮುದಾ ಬಹುಮಾನದ ಡಿಕ್ಷನರಿ ತೆಗೆದುಕೊಂಡಳು. ಚಿಕ್ಕವ್ವ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು.

ದಾರಿಯಲ್ಲಿ ನಮಗಿಂತ ಮುಂದೆ ನಡೆದಳು. ಒಂದೇ ಕೋಣೆಯ ಹೆಂಚಿನ ಮನೆಯ ಬಾಗಿಲಲ್ಲಿ ಮಾತ್ರ ನಿಂತು, “ಲೇ, ಆ ಬ್ಯಾಂಕಿನವ್ಳ್ನ ಕರಿ. ಬಂದು ಅನ್ನಕ್ಕಿಡ್ಲಿ,” ಎಂದಳು. ನಾನು ನಗಲು ನೋಡಿದೆ. ಅವಳು ನಗುತ್ತಿರಲಿಲ್ಲ.

ಸಂಜೆ ಅಮುದಾ ಮುಂದಿನ ಹೋಂವರ್ಕ್ ತಂದಳು. ‘ನಮ್ಮ ಮನೆ’. ಪಕ್ಕದಲ್ಲೇ ಚಿಕ್ಕವ್ವ ತಟ್ಟೆ ನೋಡದೆ ಉಣ್ಣುತ್ತಿದ್ದಳು.

“ಅಣ್ಣಾ, ನಮ್ಮನೆಗೆ ಎಷ್ಟು ಮಾಳಿಗೆ ಅಂತ ಬರೀಲಿ?”

ಅವಳು ತಮಾಷೆ ಮಾಡುತ್ತಿರಲಿಲ್ಲ. ಪೆನ್ನು ಹಿಡಿದು ಕಾಯುತ್ತಿದ್ದಳು.