ಮುನ್ನೂರು ಪುಟ ನಂಬಿಸಿ

ಪುಸ್ತಕ ಬಂದು ಇಸ್ತ್ರಿ ಮೇಜಿನ ಮೇಲೆ ದೊಪ್ಪೆಂದು ಬಿದ್ದಾಗ ಅಜ್ಜಿ ಯಾರದೋ ಬಿಳಿ ಅಂಗಿಯ ಕಾಲರಿನ ಮೇಲೆ ಕೆಂಡದ ಪೆಟ್ಟಿಗೆ ಓಡಿಸುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಬೆಚ್ಚಿಬಿದ್ದು ಅಂಗಿಗೊಂದು ಗತಿ ಕಾಣಿಸುತ್ತಿದ್ದರು. ಅಜ್ಜಿಯ ಕೈ ಅಲುಗಲಿಲ್ಲ. ಕಾಲರು ಮುಗಿಸಿ, ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕೆ ಕೂರಿಸಿ, ಆಮೇಲೆ ತಲೆ ಎತ್ತಿದಳು.

"ಮೋಸ!" ಅಂದಳು ಮೊಮ್ಮಗಳು. "ಹಾಡಹಗಲಲ್ಲಿ ದರೋಡೆ!"

"ಯಾರು ಏನು ಕದ್ದರು?"

"ಈ ಪುಸ್ತಕ ಬರೆದೋನು. ಮುನ್ನೂರು ಪುಟ ನಂಬಿಸಿ ಕೊನೇಲಿ ಕುತ್ತಿಗೆ ಕೊಯ್ದ ಅಜ್ಜಿ!"

"ಮೊದಲು ಅದನ್ನ ಆ ಕಡೆ ಎತ್ತಿಡು. ಮೇಜಿಗೆಲ್ಲ ನೀರು ಚಿಮುಕಿಸಿದೀನಿ. ಒದ್ದೆ ಆದರೆ ಮೇಷ್ಟ್ರು ನಿನ್ನನ್ನೇ ಮಲಗಿಸಿ ಇಸ್ತ್ರಿ ಮಾಡ್ತಾರೆ."

ಹುಡುಗಿಗೆ ಹದಿನೈದು. ಹುಟ್ಟಿದಾಗ ಕೆಂಪಗಿದ್ದಳೆಂದು ಮೆಣಸಿ ಅಂತ ಕರೆದರು. ಬೆಳೆದ ಮೇಲೆ ಆ ಹೆಸರು ಅವಳ ಬಾಯಿಗೂ ಒಪ್ಪಿತು. ಅಪ್ಪ ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವರು. ಹಾಗಾಗಿ ಶಾಲೆ ಬಿಟ್ಟವಳು ನೇರ ಅಜ್ಜಿಯ ಅಂಗಡಿಗೆ ಬರುತ್ತಿದ್ದಳು. ಅಂಗಡಿ ಅಂದರೆ ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಕಂಬಳಿ ಹೊದಿಸಿದ ಮೇಜು, ಇದ್ದಿಲ ಡಬ್ಬ, ಹಿಂದೆ ಮಡಿಸಿದ ಬಟ್ಟೆಗಳ ಹಲಗೆ. ಒಂದೊಂದು ಮನೆಯ ಗಂಟಿಗೆ ಒಂದೊಂದು ಬಣ್ಣದ ದಾರ. ಯಾವ ದಾರ ಯಾರ ಮನೆಯದೆಂದು ಅಜ್ಜಿಯ ತಲೆಯಲ್ಲಿ ಮಾತ್ರ ಇತ್ತು, ಬೇರೆಲ್ಲೂ ಇರಲಿಲ್ಲ.

ಅಜ್ಜಿ ಶಾಲೆಗೆ ಹೋದದ್ದು ತನ್ನ ಹೆಸರು ಬರೆಯುವಷ್ಟು. ಆದರೆ ಕೇಳಿದ್ದು ಮರೆಯುವವಳಲ್ಲ. ಅವಳು ಬಟ್ಟೆ ಉಜ್ಜುತ್ತಿದ್ದರೆ ಮೆಣಸಿ ಸ್ಟೂಲಿನ ಮೇಲೆ ಕೂತು ಆ ದಪ್ಪ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತ ಬಂದಿದ್ದಳು. ಬೆಟ್ಟದ ಹೊಟ್ಟೆಯೊಳಗೆ ಒಂದು ಮಾಯದ ಲೈಬ್ರರಿ. ಒಂದು ಕೋಣೆಯಲ್ಲಿ ಪುಸ್ತಕಗಳು ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡುತ್ತವೆ. ಇನ್ನೊಂದರಲ್ಲಿ ಮನಸ್ಸಿಟ್ಟು ಓದದಿದ್ದರೆ ಅಕ್ಷರಗಳೆಲ್ಲ ಇರುವೆಗಳಂತೆ ಪುಟ ಬಿಟ್ಟು ಹರಿದುಹೋಗುತ್ತವೆ. ಒಂದು ಕೋಣೆಯ ಪುಸ್ತಕ ಓದಿ, ಅದು ಮನಸ್ಸಿಗೆ ಏನು ಮಾಡಿತೆಂದು ಬಾಗಿಲಿಗೆ ನಿಜ ಹೇಳಿದರೆ ಮಾತ್ರ ಮುಂದಿನ ಬಾಗಿಲು ತೆರೆಯುತ್ತದೆ. ರಾಜರ ಮಕ್ಕಳು, ಪಂಡಿತರು ಎಲ್ಲ ಬಾಗಿಲು ಬಡಿದು ಸೋತು ಹೋದವರು. ತೆರೆದುಕೊಂಡು ಹೋದವಳು ಒಬ್ಬ ನೇಕಾರನ ಮಗಳು.

ಅಜ್ಜಿಗೆ ಆ ನೇಕಾರನ ಮಗಳೆಂದರೆ ಪ್ರೀತಿ. ಇರುವೆ ಅಕ್ಷರದ ಕೋಣೆಯಲ್ಲಿ ಹುಡುಗಿ ಜ್ವರದಲ್ಲಿ ಓದುತ್ತಿದ್ದಾಗ ಅಜ್ಜಿ ಇದ್ದಿಲು ಹಾಕುವುದನ್ನೂ ಮರೆತಿದ್ದಳು.

"ಯಾಕೆ, ಸತ್ತುಹೋದಳಾ?" ಅಂದಳು ಈಗ, ಹೆದರಿಕೊಂಡೇ.

"ಸತ್ತಿದ್ದರೆ ಅತ್ತು ಸುಮ್ಮನಾಗ್ತಿದ್ದೆ. ಕೊನೇ ಬಾಗಿಲ ಹತ್ತಿರ ಒಬ್ಬ ಮುದುಕ ಬರ್ತಾನೆ. ಅವಳ ಭುಜದ ಮೇಲೆ ಮಚ್ಚೆ ನೋಡ್ತಾನೆ. 'ಮಗಳೇ, ನೀನು ನೇಕಾರನ ಮಗಳಲ್ಲ. ಈ ಲೈಬ್ರರಿ ಕಟ್ಟಿಸಿದ ಮಹಾರಾಜರ ವಂಶದವಳು. ಬಾಗಿಲುಗಳು ನಿನ್ನ ರಕ್ತವನ್ನು ಗುರುತಿಸಿ ತೆರೆದವು' ಅಂತಾನೆ. ಕಿರೀಟ ಹಾಕ್ತಾರೆ. ಮುಗೀತು."

ಅಜ್ಜಿ ಅಂಗಿಯ ತೋಳು ಹರವಿದಳು. ಮತ್ತೆ ಹಾಗೇ ಬಿಟ್ಟಳು.

"ಹಂಗಾದ್ರೆ ಅವಳು ಅಷ್ಟು ಓದಿದ್ದು?"

"ಓದದೇ ಇದ್ದರೂ ತೆರೀತಿತ್ತು!"

"ಜ್ವರದಲ್ಲಿ ಓದಿದ್ದೂ ದಂಡವಾ?"

"ಅದೇ ಅಜ್ಜಿ ನಾನು ಬಾಯಿ ಬಡ್ಕೊಳ್ತಾ ಇರೋದು!"

"ಸಾಕಿದ ನೇಕಾರ ಏನಾದ?"

"ಅವನ ಸುದ್ದಿಯೇ ಇಲ್ಲ. ಕೊನೇ ಪುಟದಲ್ಲಿ ಒಂದು ಸಾಲೂ ಇಲ್ಲ."

"ಥೂ," ಅಂದಳು ಅಜ್ಜಿ. ಅವಳ ಬಾಯಿಂದ ಆ ಶಬ್ದ ಬರುವುದು ಅಪರೂಪ.

ಪುಸ್ತಕವನ್ನು ತಂದದ್ದು ಮೇಷ್ಟ್ರ ಕಾರ್ಡಿನ ಮೇಲೆ. ಮೇಷ್ಟ್ರು ಎದುರು ಬೀದಿಯ ಸ್ವಂತ ಮನೆಯವರು, ನಿವೃತ್ತರು, ಹಸಿರು ದಾರದ ಗಿರಾಕಿ. ಕಣ್ಣು ಮಂಜಾದ ಮೇಲೆ ತಮ್ಮ ಲೈಬ್ರರಿ ಕಾರ್ಡನ್ನು ಮೆಣಸಿಯ ಕೈಗೆ ಕೊಟ್ಟಿದ್ದರು. ಅವಳಿಗೇ ಒಂದು ಕಾರ್ಡು ಬೇಕೆಂದು ಹೋದ ವರ್ಷ ಲೈಬ್ರರಿಯಲ್ಲಿ ಕೇಳಿದಾಗ, ಸ್ವಂತ ಮನೆ ಇರುವವರು ಇಲ್ಲವೇ ಸರ್ಕಾರಿ ನೌಕರಿಯಲ್ಲಿರುವವರು ಜಾಮೀನು ಹಾಕಬೇಕು ಅಂದಿದ್ದರು. ಮನೆಯಲ್ಲಿ ಅಂಥವರು ಯಾರೂ ಇರಲಿಲ್ಲ. ಮೇಷ್ಟ್ರ ಕಾರ್ಡು ಇದ್ದದ್ದರಿಂದ ಅವಳೂ ಆಗ ತಲೆ ಕೆಡಿಸಿಕೊಂಡಿರಲಿಲ್ಲ.

ಭಾನುವಾರ ಲೈಬ್ರರಿಯಲ್ಲಿ ಓದುಗರ ಕೂಟ. ಅದೇ ಕಾದಂಬರಿಯ ಮೇಲೆ ಮಾತು. ಮೆಣಸಿ ಅಜ್ಜಿಯ ಕೈ ಹಿಡಿದು ಎಳೆದುಕೊಂಡು ಹೋದಳು. "ನೀನೂ ಪೂರ್ತಿ ಕೇಳಿದೀಯ. ನೀನೂ ಓದಿದ ಹಾಗೇ. ಬಾ."

ಅಜ್ಜಿ ಆ ಕಟ್ಟಡದ ಮುಂದೆ ಎಷ್ಟೋ ಸಲ ಬಟ್ಟೆ ಗಂಟು ಹೊತ್ತು ನಡೆದಿದ್ದಳು, ಒಳಗೆ ಕಾಲಿಟ್ಟಿದ್ದು ಅವತ್ತೇ. ಕಬ್ಬಿಣದ ಕಪಾಟುಗಳು, ಕಿರುಗುಟ್ಟುವ ಫ್ಯಾನು, ಪುಸ್ತಕಗಳ ಬೆನ್ನಿಗೆ ಅಂಟಿಸಿದ ಚೀಟಿಗಳು. ಪ್ರತಿಯೊಂದಕ್ಕೂ ಗುರುತು ಕಟ್ಟಿದ್ದಾರೆ, ನಮ್ಮ ಕೆಲಸದ ಹಾಗೇ ಅಂದುಕೊಂಡು ಹಿಂದಿನ ಬೆಂಚಿನ ತುದಿಗೆ ಕೂತಳು.

ಮೊದಲು ಕನ್ನಡಕದಂಗಡಿಯವರ ಹೆಂಡತಿ ಮಾತಾಡಿದರು. "ಕೊನೆಯ ಅಧ್ಯಾಯ ಓದಿ ಕಣ್ಣಲ್ಲಿ ನೀರು ಬಂತು. ಆ ಹುಡುಗಿಗೆ ಕೊನೆಗೂ ತನ್ನ ಮನೆ ಸಿಕ್ಕಿತು." ಎಲ್ಲರೂ ತಲೆದೂಗಿದರು. ಲೈಬ್ರರಿ ಮೇಡಂ ನಗುತ್ತ, "ನಮ್ಮ ಚಿಕ್ಕ ಓದುಗರು ಏನಂತಾರೆ?" ಅಂದರು.

ಮೆಣಸಿ ಎದ್ದು ನಿಂತಳು.

"ನನಗೆ ಸಿಟ್ಟು ಬಂತು ಮೇಡಂ. ಬಾವಲಿ ಪುಸ್ತಕದ ಕೋಣೆ ಓದುವಾಗ ನಾನು ಉಸಿರು ಹಿಡ್ಕೊಂಡಿದ್ದೆ. ಇಂಥ ಪುಸ್ತಕ ನಾನು ಓದಿಯೇ ಇರಲಿಲ್ಲ. ಓದಿದರೆ ಸಾಕು, ನಿಜ ಹೇಳಿದರೆ ಸಾಕು, ಬಾಗಿಲು ಯಾರಿಗಾದರೂ ತೆರೆಯುತ್ತೆ ಅಂತ ಅದು ನನಗೆ ಹೇಳ್ತು. ನಾನು ನಂಬಿದೆ. ಆಮೇಲೆ, ಇಲ್ಲ ಇಲ್ಲ, ನೀನು ಯಾರ ಮಗಳು ಅನ್ನೋದರ ಮೇಲೆ ಬಾಗಿಲು ತೆರೆಯೋದು ಅಂತ ಹೇಳಿಬಿಡ್ತು. ಮೊದಲೇ ಹೇಳಿದ್ದರೆ ನಾನು ಒಳಗೇ ಹೋಗ್ತಿರಲಿಲ್ಲ. ಬರೆದವರಿಗೆ ಮಾಯ ಮಾಡೋಕೆ ಬಂತು, ನೇಕಾರನ ಮಗಳು ನೇಕಾರನ ಮಗಳಾಗಿಯೇ ಓದಬಹುದು ಅಂತ ನಂಬೋಕೆ ಬರಲಿಲ್ಲ."

ಯಾರೋ ಕೆಮ್ಮಿದರು. "ಕಥೆ ಅಲ್ವೇನಮ್ಮಾ, ಅಷ್ಟೊಂದು ಮನಸ್ಸಿಗೆ ಹಚ್ಕೋಬಾರದು," ಅಂದರು ಮೇಡಂ.

"ಕಥೆ ಅಂತ ಬಿಡಬಹುದಿತ್ತು ಮೇಡಂ, ಇಲ್ಲೂ ಹಾಗೇ ಇದೆಯಲ್ಲ. ಹೋದ ವರ್ಷ ನಾನು ಕಾರ್ಡು ಕೇಳಿದಾಗ ಏನು ಓದ್ತೀಯ ಅಂತ ನೀವು ಕೇಳಲಿಲ್ಲ. ನಿಮ್ಮ ಮನೆ ಸ್ವಂತದ್ದಾ ಅಂತ ಕೇಳಿದಿರಿ."

ಮೇಡಂ ಮುಖ ಬಿಗಿಯಾಯಿತು. "ಅದು ನಿಯಮ. ನಾನು ಮಾಡಿದ್ದಲ್ಲ."

ಆಗ ಮುಂದಿನ ಸಾಲಿನಿಂದ ಮೇಷ್ಟ್ರು ಎದ್ದರು. ಒಳ್ಳೆಯವರು, ಒಳ್ಳೆಯ ಮನಸ್ಸಿನಿಂದಲೇ ಎದ್ದರು. "ಇಷ್ಟಕ್ಕೇನು ಗಲಾಟೆ? ಕೊಡಿ ಅರ್ಜಿ, ನಾನು ಸಹಿ ಹಾಕ್ತೀನಿ. ನನ್ನ ಮೊಮ್ಮಗಳು ಅಂತಲೇ ತಿಳ್ಕೊಳ್ಳಿ." ಚಪ್ಪಾಳೆ ಬಿತ್ತು. ಕನ್ನಡಕದಂಗಡಿಯವರ ಹೆಂಡತಿ ಮತ್ತೆ ಕಣ್ಣೊರೆಸಿಕೊಂಡರು. ಅಜ್ಜಿಯ ಎದೆ ಹಗುರಾಯಿತು. ಇಷ್ಟು ಸುಲಭವಾಗಿ ಮುಗಿಯಿತಲ್ಲ ಅಂದುಕೊಂಡಳು.

"ಬೇಡ ಮೇಷ್ಟ್ರೇ," ಅಂದಳು ಮೆಣಸಿ.

ಮೇಷ್ಟ್ರು ಆಗಲೇ ಜೇಬಿನಿಂದ ಪೆನ್ನು ತೆಗೆದಿದ್ದರು.

"ನಾನು ನಿಮ್ಮ ಮೊಮ್ಮಗಳಲ್ಲ. ಇಸ್ತ್ರಿ ಅಜ್ಜಿ ಮೊಮ್ಮಗಳು. ಸಹಿ ನಮ್ಮಜ್ಜಿ ಹಾಕಲಿ."

"ನಿಮ್ಮಜ್ಜಿಗೆ ಮನೆ ಇದೆಯೇನಮ್ಮ? ನೌಕರಿ?" ಅಂದರು ಮೇಡಂ.

"ಇಸ್ತ್ರಿ ಪೆಟ್ಟಿಗೆ ಇದೆ!" ಅಂತ ಯಾರೋ ಅಂದರು. ನಗು ಎದ್ದಿತು. ಕೆಟ್ಟ ನಗುವಲ್ಲ, ಆದರೂ ಬೆಂಚಿನ ತುದಿಯಲ್ಲಿ ಕೂತಿದ್ದ ಅಜ್ಜಿಗೆ ಅದು ಚುರುಕ್ಕೆಂದು ತಾಗಿತು. ಕೆಂಡ ಹಾರಿ ಕೈ ಸುಟ್ಟದ್ದಕ್ಕೆ ಎಂದೂ ಉಫ್ ಅನ್ನದವಳು ಸೆರಗು ಬಿಗಿಯಾಗಿ ಹಿಡಿದುಕೊಂಡಳು.

ಮೇಷ್ಟ್ರ ಮುಖ ಸಣ್ಣದಾಗಿತ್ತು. "ಓಹೋ. ನನ್ನ ಸಹಿ ಅಂದರೆ ರಾಜವಂಶದ ರಕ್ತ. ನಿಮ್ಮಜ್ಜಿ ಸಹಿ ಅಂದರೆ ರಕ್ತ ಅಲ್ವೋ? ಅದೂ ಸಂಬಂಧ ತಾನೇ?"

ಮೆಣಸಿ ಅಜ್ಜಿಯ ಕಡೆ ತಿರುಗಿ ನೋಡಿದಳು. "ಅಜ್ಜಿ ಅಂತಲ್ಲ ಮೇಷ್ಟ್ರೇ. ಈ ಪುಸ್ತಕ ಮೊದಲಿಂದ ಕೊನೇವರೆಗೂ ನನ್ನ ಜೊತೆ ಕೇಳಿದವಳು ಅವಳೊಬ್ಬಳೇ. ನಾನು ಓದ್ತೀನಿ ಅನ್ನೋದಕ್ಕೆ ಜಾಮೀನು ಅವಳೇ."

"ಬಾಯಿ ಚೆನ್ನಾಗಿದೆ," ಅಂದರು ಮೇಷ್ಟ್ರು. "ನನ್ನ ಸಹಿ ಬೇಡದವಳಿಗೆ ನನ್ನ ಕಾರ್ಡು ಯಾಕೆ? ಕೊಡು ಇಲ್ಲಿ."

ಅವಳು ಕೊಟ್ಟಳು. ಕಾದಂಬರಿಯನ್ನೂ ಮೇಡಂ ಮೇಜಿನ ಮೇಲಿಟ್ಟಳು. ಅಂಗಡಿಯ ಮೆಟ್ಟಿಲ ಹತ್ತಿರ ಬಂದಾಗ ಒಮ್ಮೆಲೇ ಅಳು ನುಗ್ಗಿತು. "ಇದ್ದ ಒಂದು ಕಾರ್ಡೂ ಹೋಯ್ತಲ್ಲ ಅಜ್ಜಿ. ನಾನು ಸುಮ್ಮನೆ ಹೂಂ ಅನ್ನಬೇಕಿತ್ತಾ?"

ಹೂಂ ಅಂದು ಅಂದೇ ಅಜ್ಜಿಯ ಕಾಲ ಕಳೆದಿತ್ತು. ಕಟ್ಟಡದ ಮಾಲೀಕರು ಜಾಗ ಕಿರಿದು ಮಾಡಿದಾಗ ಹೂಂ, ಗಿರಾಕಿಗಳು ತಮ್ಮ ತಪ್ಪು ಇವಳ ತಲೆಗೆ ಕಟ್ಟಿದಾಗ ಹೂಂ. ಅದೆಲ್ಲ ಒಂದೊಂದೂ ನೆನಪಿತ್ತು. ಯಾವುದಕ್ಕೂ ಸಿಟ್ಟು ಬಂದಿರಲಿಲ್ಲ ಅಂದುಕೊಂಡಿದ್ದಳು. ಬಂದಿತ್ತು, ಬೂದಿ ಮುಚ್ಚಿಕೊಂಡು ಕೂತಿತ್ತು ಅಷ್ಟೇ.

"ನಾಳೆ ಶಾಲೆ ಬಿಟ್ಟ ಮೇಲೆ ಲೈಬ್ರರಿಗೆ ಬಾ. ನಾನು ಅಲ್ಲೇ ಇರ್ತೀನಿ," ಅಂದಳು.

ಮಾರನೆಯ ದಿನ ಮೆಣಸಿ ಹೋದಾಗ ಅಜ್ಜಿ ಓದುವ ಮೇಜಿನ ಮುಂದೆ ಕೈ ಕಟ್ಟಿ ಕೂತಿದ್ದಳು. ಮೇಡಂ ಕಣ್ಣಂಚಲ್ಲಿ ನೋಡುತ್ತಿದ್ದರು. ಮೇಷ್ಟ್ರು ಪತ್ರಿಕೆಗಳ ಮೇಜಿನಲ್ಲಿ, ಭೂತಗನ್ನಡಿ ಹಿಡಿದು, ಇವರನ್ನು ಕಾಣದವರಂತೆ.

"ಇಲ್ಲಿ ಕೂತು ಓದೋಕೆ ಜಾಮೀನು ಬೇಡವಂತೆ. ವಿಚಾರಿಸಿದೀನಿ," ಅಂದಳು ಅಜ್ಜಿ. "ಆ ಪುಸ್ತಕದ್ದು ಎರಡನೇ ಭಾಗ ಇದೆಯಂತಲ್ಲ, ತಗೊಂಡು ಬಾ."

"ಆ ಮೋಸಗಾರನದ್ದಾ? ನಾನು ಮುಟ್ಟಲ್ಲ."

"ಬೈಯೋಕಾದರೂ ಓದಬೇಕಲ್ಲೇ. ಸಾಕಿದಪ್ಪನ ಗತಿ ಏನಾಯ್ತು ನನಗೆ ಗೊತ್ತಾಗಬೇಕು. ತಾ."

ಮೆಣಸಿ ತಂದಳು, ಕೂತಳು, ಮನಸ್ಸಿನಲ್ಲೇ ಓದತೊಡಗಿದಳು.

"ನನಗೆ ಕೇಳ್ತಿಲ್ಲ," ಅಂದಳು ಅಜ್ಜಿ.

ಮೆಣಸಿ ಅಜ್ಜಿಯ ಮುಖ ನೋಡಿದಳು. ಆ ಮುಖದಲ್ಲಿ ನಗುವಿರಲಿಲ್ಲ. ಹುಡುಗಿಗೆ ಅರ್ಥವಾಯಿತು. ಗಂಟಲು ಸರಿಮಾಡಿಕೊಂಡು, ಅಂಗಡಿಯಲ್ಲಿ ಓದುವ ದನಿಯಲ್ಲೇ ಶುರುಮಾಡಿದಳು.

ಮೇಡಂ ಎದ್ದು ಬಂದರು. "ಅಜ್ಜಿ, ಇಲ್ಲಿ ಗಟ್ಟಿಯಾಗಿ ಓದೋ ಹಾಗಿಲ್ಲ."

"ನನಗೆ ಓದೋಕೆ ಬರಲ್ಲ ಮೇಡಂ. ಅವಳು ಓದಬೇಕು, ನಾನು ಕೇಳಬೇಕು."

"ಹಾಗಾದರೆ ಮನೆಗೆ ತಗೊಂಡು ಹೋಗಿ ಓದಿಸ್ಕೊಳ್ಳಿ."

"ಕೊಡಿ."

ಮೇಡಂ ತಮ್ಮ ಕುರ್ಚಿಗೆ ವಾಪಸ್ ಹೋದರು. ಮೆಣಸಿ ಓದಿದಳು. ಮಾರನೆಯ ದಿನವೂ ಓದಿದಳು. ಅದರ ಮಾರನೆಯ ದಿನ ಗಿರಾಕಿಗಳು ಅಂಗಡಿ ಮುಚ್ಚಿದ್ದು ಕಂಡು ಬಟ್ಟೆ ಗಂಟು ಹಿಡಿದು ಲೈಬ್ರರಿಗೇ ಬಂದರು. ಒಬ್ಬ ಸುಕ್ಕಾದ ಅಂಗಿಯೊಂದನ್ನು ಚಾಚಿ ಬಾಗಿಲಲ್ಲಿ ನಿಂತು, "ಅಜ್ಜೀ, ನಾಳೆ ಸಂದರ್ಶನ, ನಿನ್ನ ಕಾಲಿಗೆ ಬೀಳ್ತೀನಿ," ಅಂದ.

"ಅಧ್ಯಾಯ ಮುಗೀಲಿ, ತಡಿ," ಅಂದಳು ಅಜ್ಜಿ.

"ಸ್ವಲ್ಪ ಸುಮ್ಮನಿರ್ರೀ!" ಅಂತ ಪತ್ರಿಕೆ ಮೇಜಿನಿಂದ ಗದರಿಕೆ ಬಂತು. ಮೇಷ್ಟ್ರು. ಭೂತಗನ್ನಡಿ ಯಾವಾಗಲೋ ಕೆಳಗಿಟ್ಟಿದ್ದರು. ಎಲ್ಲರೂ ತಮ್ಮ ಕಡೆ ತಿರುಗಿದ್ದು ಕಂಡು, "ಆ ಕಿಟಕಿ ಹತ್ತಿರ ಕೂತು ಓದಮ್ಮ ನೀನು. ಇಲ್ಲಿಗೆ ಅರ್ಧಂಬರ್ಧ ಕೇಳತ್ತೆ," ಅಂದರು.

ಮೇಡಂ ತಲೆ ಹಿಡಿದುಕೊಂಡರು. ಆಮೇಲೆ ಡ್ರಾಯರ್ ಎಳೆದು ಒಂದು ಅರ್ಜಿ ತೆಗೆದರು. "ಬನ್ನಿ ಅಜ್ಜಿ. ಉದ್ಯೋಗ?"

"ಇಸ್ತ್ರಿ."

"ಮನೆ ಸ್ವಂತದ್ದಾ ಬಾಡಿಗೆಯಾ?"

"ಬಾಡಿಗೆ. ಹಾಗೇ ಬರೀರಿ."

ಮೇಡಂ ಹಾಗೇ ಬರೆದರು. ಅಜ್ಜಿ ನಾಲಿಗೆ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರ, ಮನೆ ಅಥವಾ ನೌಕರಿ ಇದ್ದವರು ಸಹಿ ಮಾಡುವ ಗೆರೆಯ ಮೇಲೆ ತನ್ನ ಹೆಸರು ಬರೆದಳು. ಮೇಡಂ ಮುದ್ರೆ ಒತ್ತಿದರು. "ಮೇಲಿನವರು ಇದನ್ನ ಒಪ್ಪದೆ ವಾಪಸ್ ಕಳಿಸಬಹುದು. ಆಗ ನನ್ನ ಕೈಲಿ ಏನೂ ಇರಲ್ಲ."

"ಕಳಿಸಲಿ. ಮತ್ತೆ ಬಂದು ಕೂರ್ತೀವಿ."

ಹೊರಗೆ ಮೆಟ್ಟಿಲು ಇಳಿಯುವಾಗಲೇ ಮೆಣಸಿ ಹೊಸ ಕಾರ್ಡಿನ ಮೇಲೆ ಪಡೆದ ಎರಡನೇ ಭಾಗ ತೆರೆದು ಮುಂದಿನ ಅಧ್ಯಾಯದ ಮೇಲೆ ಕಣ್ಣಾಡಿಸಿದಳು. ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಕಿವಿ ಕೆಂಪಾದವು.

"ಅಜ್ಜೀ! ಈಗ ನೇಕಾರನೂ ಮಾರುವೇಷದ ಸೇನಾಪತಿಯಂತೆ!"

"ಅಯ್ಯೋ ಇವನ ಮನೆ ಹಾಳಾಗ," ಅಂದಳು ಅಜ್ಜಿ, ಸಂದರ್ಶನದವನ ಅಂಗಿಯನ್ನು ಕಂಕುಳಿಗೆ ಸೇರಿಸುತ್ತ. "ಬಿರಬಿರನೆ ನಡಿ. ಪೆಟ್ಟಿಗೆ ಕಾಯಿಸ್ತೀನಿ, ಆಮೇಲೆ ಓದು. ಇಂಥದ್ದನ್ನ ನಿಂತ್ಕೊಂಡು ಕೇಳೋಕಾಗಲ್ಲ, ಕೈಗೆ ಏನಾದರೂ ಒತ್ತೋಕೆ ಬೇಕು."