ಆರ್ಲೋನ ಮೂಗು

ಕಬ್ಬಿಣದ ಗಣಿ ಮುಚ್ಚಿ ಕೆಲಸ ಹೋದಾಗ ನನ್ನ ತಮ್ಮ ಆರ್ಲೋಗೆ ನಲವತ್ತೊಂದು. ನಮ್ಮ ಉತ್ತರ ಮಿನ್ನೆಸೋಟದಲ್ಲಿ ಚಳಿಗೆ ಬರವಿಲ್ಲ, ಗೋಡೆಯೊಳಗೆ ನೊರೆಯಂತೆ ಉಬ್ಬಿ ಗಟ್ಟಿಯಾಗುವ ಫೋಮ್ ಹೊಡೆದು ಮನೆ ಬೆಚ್ಚಗಿಡುವವರಿಗೆ ಕೆಲಸಕ್ಕೂ ಬರವಿಲ್ಲ. ಅದನ್ನೇ ಕಲಿಯುತ್ತೇನೆ ಎಂದು ಹೊರಟ. ಎಲ್ಲಿ ಕಲಿಸುತ್ತಾರೆ ಎಂದು ಹುಡುಕುವುದರಲ್ಲೇ ಸುಸ್ತಾದ. ಫೋಮ್ ತಯಾರಿಸುವ ಕಂಪನಿಯವರು, ಗುತ್ತಿಗೆದಾರ ಕಳಿಸಿದವರಿಗೆ ಮಾತ್ರ ಕಲಿಸುತ್ತೇವೆ ಅಂದರು. ಗುತ್ತಿಗೆದಾರರು, ಕಲಿತು ಬಂದವರಿಗೆ ಮಾತ್ರ ಕೆಲಸ ಅಂದರು. ಇಂಥ ನಿಯಮ ಮಾಡಿದವರ ಬಾಯಿಗೆ ಮಣ್ಣು ಬೀಳಲಿ.

ಕೊನೆಗೆ ಡ್ವೇನ್ ಎಂಬ ಗುತ್ತಿಗೆದಾರ, "ಸದ್ಯಕ್ಕೆ ಪೈಪು ಹಿಡಿ, ಚಳಿ ಕಳೀಲಿ, ನಾನೇ ತರಬೇತಿಗೆ ಕಳಿಸ್ತೀನಿ" ಅಂದ. ಮೂರು ಚಳಿಗಾಲ ಕಳೆದವು. ಡ್ವೇನ್ ಕೊಟ್ಟದ್ದು ಕಾಗದದ ಮಾಸ್ಕು ಮಾತ್ರ. ಅವನ ಯಂತ್ರದ ಮೀಟರು ಕೆಟ್ಟು ಯಾವ ಕಾಲವಾಗಿತ್ತೋ. ಫೋಮ್ ಆಗುವ ಎರಡು ದ್ರವ ಸರಿಯಾಗಿ ಬೆರೆತಿವೆಯೋ ಎಂದು ತಿಳಿಯಲು ಅವನ ಆಳುಗಳು ಹಸಿ ಫೋಮಿಗೆ ಮೂಗು ಹಚ್ಚುತ್ತಿದ್ದರು. ಮೀನಿನ ವಾಸನೆ ಬಂದರೆ ಮಿಶ್ರಣ ಕೆಟ್ಟಿದೆ ಎಂದು ಲೆಕ್ಕ. ಈ ವಿದ್ಯೆಯಲ್ಲಿ ಆರ್ಲೋ ಎಲ್ಲರನ್ನೂ ಮೀರಿಸಿದ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ, ದಡ್ಡ.

ಮೂರನೇ ಚಳಿಗಾಲದಲ್ಲಿ ಅವನ ಎದೆ ಬಿಗಿಯತೊಡಗಿತು. ಶುಕ್ರವಾರದ ಹೊತ್ತಿಗೆ ಉಸಿರು ಸಿಳ್ಳೆ ಹೊಡೆಯುತ್ತಿತ್ತು, ಭಾನುವಾರ ಸಂಜೆಗೆ ಸರಿಹೋಗುತ್ತಿತ್ತು. ನನ್ನ ಅಡುಗೆಮನೆಯಲ್ಲಿ ಮೇಜು ಹಿಡಿದು ಒದ್ದಾಡಿದ್ದನ್ನು ನಾನೇ ನೋಡಿದ್ದೇನೆ.

ಆಗಲೇ ಡುಲೂತ್‌ನಲ್ಲಿ ಕಾರ್ಮಿಕ ಸಂಘವೊಂದು ಫೋಮ್ ಹೊಡೆಯುವ ನಾಲ್ಕು ದಿನದ ತರಬೇತಿ ಶುರು ಮಾಡಿತು. ಯಾರ ಶಿಫಾರಸೂ ಬೇಕಿರಲಿಲ್ಲ. ಆರ್ಲೋ ಡ್ವೇನ್‌ನ ಕೆಲಸ ಬಿಟ್ಟ. ಎರಡು ವಾರದ ನಂತರ ನಾನೇ ಕಾರಿನಲ್ಲಿ ಕರೆದೊಯ್ದೆ. ಬಾಗಿಲಲ್ಲೇ ಆರೋಗ್ಯದ ಅರ್ಜಿ ಕೊಟ್ಟರು. ನಾನು ಕಟ್ಟಿ ತಂದಿದ್ದ ಮಾಂಸದ ಕಡುಬು, ಪ್ಯಾಸ್ಟಿ, ತಿನ್ನುತ್ತಾ ಕಾರಿನಲ್ಲೇ ಕೂತು ಅರ್ಜಿ ತುಂಬಿದ. ಒಂದು ಪ್ರಶ್ನೆಗೆ ಪೆನ್ನು ನಿಂತಿತು: ಕೆಲಸದ ದಿನ ಎದೆ ಬಿಗಿದು, ರಜೆಯಲ್ಲಿ ಸರಿಹೋಗುತ್ತದೆಯೇ?

"ಹೌದು ಅಂತ ಬರಿ," ಅಂದೆ.

"ಬರೆದ್ರೆ ಒಳಗೇ ಬಿಡಲ್ಲ ಅಕ್ಕ."

"ಬಿಡದಿದ್ರೆ ಬೇಡ. ಹಿಮ ಬಾಚೋ ಕೆಲ್ಸ ಮಾಡು."

"ಮೂರು ವರ್ಷ ಆ ನನ್ಮಗನ ಪೈಪು ಹೊತ್ತಿದ್ದು ಹಿಮ ಬಾಚೋಕಾ? ಇಲ್ಲಿ ಮುಖಕ್ಕೆ ಪೂರ್ತಿ ಮುಸುಕು ಕೊಡ್ತಾರೆ, ಹೊರಗಿನ ಗಾಳಿ ಪೈಪಲ್ಲಿ ಬರುತ್ತೆ. ಏನೂ ಆಗಲ್ಲ. ನೀನು ಬಾಯಿ ಮುಚ್ಕೊಂಡಿದ್ರೆ ಸಾಕು."

ಇಲ್ಲ ಎಂದು ಬರೆದ. ನಾನು ಬಾಯಿ ಮುಚ್ಚಿಕೊಂಡೆ. ಅವನ ಮುಖದಲ್ಲಿ ಅಷ್ಟು ಆಸೆ ಕಂಡು ವರ್ಷಗಳಾಗಿದ್ದವು, ಅದನ್ನು ಚಿವುಟಲು ಮನಸ್ಸು ಬರಲಿಲ್ಲ. ಒಳಗೆ ಉಸಿರಿನ ಬಲ ಅಳೆಯಲು ಕೊಳವೆ ಊದಿಸಿ ನೋಡಿದರು. ಎರಡು ವಾರ ವಿಶ್ರಾಂತಿ ಪಡೆದಿದ್ದ ಎದೆ ಚೆನ್ನಾಗಿಯೇ ಊದಿತು.

ಮೂರು ದಿನ ಸಲೀಸಾಗಿ ಹೋದವು. ನಾಲ್ಕನೆಯ ದಿನ ಪರೀಕ್ಷೆ. ಅವನನ್ನು ಮನೆಗೆ ಕರೆದೊಯ್ಯಲು ಬಂದ ನಾನು ಗಾಜಿನಾಚೆ ನಿಂತಿದ್ದೆ. ಬೋಧಕಿ ಲೊರೇನ್ ಮೂರು ಹಲಗೆಗಳಿಗೆ ಫೋಮ್ ಹೊಡೆದು, ಒಂದರ ಮಿಶ್ರಣ ಬೇಕೆಂದೇ ಕೆಡಿಸಿ, ಯಾವುದು ಕೆಟ್ಟಿದೆ ಹೇಳಿ ಅಂದಳು. ಬಣ್ಣ ನೋಡಿ ಹೇಳಬೇಕು. ಆರ್ಲೋ ಎರಡನೇ ಹಲಗೆಗೆ ಬಗ್ಗಿ, ಮುಸುಕು ಮೇಲೆತ್ತಿ, ಮೂಗು ಹಚ್ಚಿದ. ಯೋಚಿಸಿ ಮಾಡಿದ್ದಲ್ಲ. ಡ್ವೇನ್‌ನ ಹತ್ತಿರ ಪಳಗಿದ ಕೈ ತಾನಾಗಿಯೇ ಎತ್ತಿತು.

"ಏಯ್, ಮುಸುಕು ಹಾಕು ಮಾರಾಯ," ಲೊರೇನ್ ಕೂಗಿದಳು.

"ಇದೇ ಕೆಟ್ಟಿರೋದು ಮೇಡಂ," ಅಂದ. ಉತ್ತರ ಸರಿಯಾಗಿತ್ತು. ಆಮೇಲೆ ಕೆಮ್ಮು ಹತ್ತಿತು, ಕೆಮ್ಮುತ್ತಲೇ ಮೊಣಕಾಲೂರಿದ. ಆಂಬ್ಯುಲೆನ್ಸ್ ಬರುವಷ್ಟರಲ್ಲಿ ತುಟಿ ನೀಲಿಯಾಗಿತ್ತು.

ಆಸ್ಪತ್ರೆಯಲ್ಲಿ ಲೊರೇನ್ ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕದಲ್ಲೇ ಕೂತಿದ್ದಳು. "ನಾನೇ ತಡೀಬೇಕಿತ್ತು, ಪಕ್ಕದಲ್ಲೇ ನಿಂತಿದ್ದೆ" ಎಂದು ಅದನ್ನೇ ಹೇಳುತ್ತಿದ್ದಳು. ಡಾಕ್ಟರು ಹೊರಗೆ ಬಂದು ನಮ್ಮೆದುರು ಕುರ್ಚಿ ಎಳೆದುಕೊಂಡು ಕೂತಾಗಲೇ ನನಗೆ ತಿಳಿಯಿತು. ಉಳಿಸಿಕೊಳ್ಳಲು ಆಗಲಿಲ್ಲ ಅಂದರು. ಆಮೇಲೆ, "ಈ ಫೋಮಿನ ಹಬೆ ಮೊದ್ಲೇ ಎದೆ ಕೆಡಿಸಿರದಿದ್ರೆ ಒಂದೇ ಸಲಕ್ಕೆ ಹೀಗಾಗೋದು ಅಪರೂಪ. ಮೊದ್ಲು ಯಾವಾಗ್ಲಾದ್ರೂ ಎದೆ ಬಿಗೀತಿತ್ತಾ?" ಎಂದು ಕೇಳಿದರು.

"ಇಲ್ಲ ಸರ್, ಅರ್ಜಿ ನಾನೇ ಓದಿದೀನಿ," ಅಂದಳು ಲೊರೇನ್.

"ಬಿಗೀತಿತ್ತು," ಅಂದೆ. "ಒಂದು ಚಳಿಗಾಲ ಪೂರ್ತಿ. ನಂಗೆ ಗೊತ್ತಿತ್ತು."

ಲೊರೇನ್ ನನ್ನ ಹೆಗಲ ಮೇಲಿದ್ದ ಕೈ ತೆಗೆದಳು.