ತೊಟ್ಟಿಲ ಹಗ್ಗದ ಕರಡಿಗೆ

‘ಕರಡಿಗಿ ಅಷ್ಟ ಬಿಚ್ಕೊಂಡು ಬಾ. ಲಿಂಗ ಅಲ್ಲೇ ಇರಲಿ, ಅರಿಬ್ಯಾಗ ಕಟ್ಟಿಟ್ಟು ಬಾ’ ಎಂದು ಅವ್ವ ಹೇಳಿದ್ದಕ್ಕೆ ಗೌರೀಶ ಹೂಂ ಅಂದಿರಲಿಲ್ಲ. ಒಲ್ಲೆ ಅಂತಲೂ ಅಂದಿರಲಿಲ್ಲ. ಆದರೆ ಅವಳು ಕೊಟ್ಟ ಬಿಳಿ ಅರಿವೆಯ ತುಂಡು ಕಿಸೆಯಲ್ಲಿತ್ತು, ಬಸ್ಸು ದೇಸೂರು ದಾಟಿ ಖಾನಾಪುರದ ಕಡೆ ಓಡುತ್ತಿತ್ತು. ಅಂದರೆ ಹೂಂ ಅಂದ ಹಾಗೇ ಆಯಿತು ಎಂದುಕೊಂಡ. ಅವನ ಎಷ್ಟೋ ಹೂಂಗಳು ಹೀಗೇ ಅವನನ್ನು ಕೇಳದೆ ಆಗಿಹೋಗಿದ್ದವು.

ಕರಡಿಗೆ ಅಪ್ಪನದು. ಲಿಂಗವಿಡುವ ಬೆಳ್ಳಿಯ ಡಬ್ಬಿ, ಹಳೆಯ ಕೆಲಸ, ತೂಕದ್ದು. ಅಪ್ಪ ಲಿಂಗೈಕ್ಯನಾದ ಮೇಲೆ ಅವ್ವ ಅದನ್ನು ತಿಜೋರಿಯಲ್ಲಿಟ್ಟು ಮೊಮ್ಮಗನಿಗಾಗಿ ಕಾದಳು. ಮೊದಲು ದಾನೇಶ್ವರಿ ಹುಟ್ಟಿದಳು, ತಿಜೋರಿ ತೆರೆಯಲಿಲ್ಲ. ಎರಡನೆಯ ಸಲ ಸೊಸೆ ಮೇಘಾಳ ಹೊಟ್ಟೆ ಚೂಪಾಗಿ ಕಂಡಿತು. ‘ಇದು ಗಂಡ. ನನ್ನ ಕಣ್ಣು ಸುಳ್ಳಾಡಂಗಿಲ್ಲ’ ಎಂದು ಅವ್ವ ತಿಜೋರಿ ತೆರೆದಳು. ಎಂಟರ ತಿಂಗಳಲ್ಲಿ ಹೊಟ್ಟೆಯ ಕೂಸಿಗೆ ಲಿಂಗ ಕಟ್ಟಲು ಬಂದ ಜಂಗಮ ಕಲ್ಲಯ್ಯನವರು ಲಿಂಗವನ್ನು ಅದೇ ಕರಡಿಗೆಯಲ್ಲಿಟ್ಟು ಮೇಘಾಳ ತೋಳಿಗೆ ಕಟ್ಟಿದರು.

‘ಇವತ್ತಿನಿಂದ ಇದು ಕೂಸಿನ ಪ್ರಾಣ ಯವ್ವಾ. ಕೂಸು ಹೊರಗ ಬಂದ ಮ್ಯಾಲೆ ಅದಕ್ಕ ಕಟ್ರಿ. ನಡುವ ಅಗಲಸಬಾರದು.’

‘ಗಂಡ ಆಗತೈತಿ ಅಲ್ರಿ ಅಯ್ಯಾರ?’

‘ಲಿಂಗ ಅದನ್ನ ಕೇಳಂಗಿಲ್ರಿ’ ಎಂದು ಕಲ್ಲಯ್ಯನವರು ನಕ್ಕಿದ್ದರು. ಅವ್ವನೂ ನಕ್ಕಿದ್ದಳು. ಆ ದಿನ ಎಲ್ಲರೂ ನಕ್ಕಿದ್ದರು.

ಇಂಥದೇ ಮಾತನ್ನು ಗೌರೀಶ ಪ್ರತಿ ಬಸವ ಜಯಂತಿಗೆ ತಾನು ಕಲಿಸುವ ಕಾಲೇಜಿನಲ್ಲಿ ಹೇಳುತ್ತ ಬಂದಿದ್ದ. ಲಿಂಗ ಕಟ್ಟಿದ ಮೇಲೆ ಹೆಣ್ಣಿಲ್ಲ ಗಂಡಿಲ್ಲ ಎಂಬಲ್ಲಿ ದನಿ ಎತ್ತರಿಸಬೇಕು, ಆಗ ಚಪ್ಪಾಳೆ ಬೀಳುತ್ತದೆ. ಹುಡುಗರು ಎಲ್ಲಿ ಚಪ್ಪಾಳೆ ಹೊಡೆಯುತ್ತಾರೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದು ಅಷ್ಟೇ ಏನೋ.

ಮೊಬೈಲು ಬಡಿದುಕೊಂಡಿತು. ಓಂಕಾರ, ಸೋದರಮಾವನ ಮಗ. ಧರ್ಮಕಂಕಣ ಪಡೆ ಎಂದು ಕಟ್ಟಿಕೊಂಡು ಊರೆಲ್ಲ ಫಲಕ ಹಚ್ಚಿಸಿದವನು.

‘ಗೌರೀಶಣ್ಣಾ, ಸಂಜಿಗಿ ತಪ್ಪಸಬ್ಯಾಡ. ನಿನ್ನ ಕೈಲೆನ ಉದ್ಘಾಟನಾ.’

‘ಖಾನಾಪುರಕ್ಕ ಹೊಂಟೇನಿ.’

‘ಹೋಗಿ ಬಾ. ಮಧ್ಯಾಹ್ನದ ಬಸ್ ಹಿಡಿ. ಅಲ್ಲೇನ ಗಂಡ ಹುಟ್ಟೈತೇನ, ಕುಂತು ಉಣ್ಣಾಕ?’

ಓಂಕಾರ ತನ್ನ ಚೇಷ್ಟೆಗೆ ತಾನೇ ನಕ್ಕ. ಗೌರೀಶನೂ ನಕ್ಕ. ನಕ್ಕದ್ದು ಯಾಕೆಂದು ಖಾನಾಪುರ ಬರುವವರೆಗೂ ಯೋಚಿಸಿದ.

*

‘ಬರ್ರಿ ಅಳ್ಯಾರ, ಕುಂದರ್ರಿ’ ಎಂದರು ಅತ್ತೆ ನಾಗರತ್ನಾ. ಅವರ ಕಣ್ಣು ಅವನ ಮುಖಕ್ಕಿಂತ ಮೊದಲು ಕೈ ನೋಡಿತು. ಕೈ ಖಾಲಿ ಇತ್ತು. ಒಂದು ಕುಂಚಿಗೆ, ಒಂದು ಗಿಲಿಗಿಲಿ ಏನಾದರೂ ತರಬೇಕೆಂದು ಅವನಿಗೆ ಹೊಳೆದಿರಲೇ ಇಲ್ಲ.

ಬಾಣಂತಿಯ ಕೋಣೆಯಲ್ಲಿ ಅಜವಾನದ ಹೊಗೆ. ತಲೆಗೆ ಅರಿವೆ ಕಟ್ಟಿಕೊಂಡು ಮೇಘಾ ಗೋಡೆಗೆ ಒರಗಿದ್ದಳು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ಕೊರಳಿಗೆ ಭಾರವೆಂದು ಕರಡಿಗೆಯನ್ನು ಶಿವದಾರದ ಸಮೇತ ತೊಟ್ಟಿಲ ಹಗ್ಗಕ್ಕೆ ಕಟ್ಟಿದ್ದರು, ಕೂಸಿನ ಎದೆಯ ನೇರಕ್ಕೆ.

‘ಅತ್ತಿಯಾರು ಬರಲಿಲ್ಲ?’

‘ಮಂಡಿ ನೋವಂತ.’

‘ದಾನು ಹುಟ್ಟಿದಾಗಲೂ ಮಂಡಿ ನೋವ ಇತ್ತು.’

ಅವನು ತೊಟ್ಟಿಲೊಳಗೆ ಬಗ್ಗಿ ನೋಡಿದ. ಕೂಸು ಮುಷ್ಟಿ ಬಿಗಿದು ಮಲಗಿತ್ತು, ಯಾರೋ ಕಸಿಯಲು ಬರುತ್ತಾರೆಂಬಂತೆ.

‘ಹೆಸರು ಏನಾರ ಯೋಚನಿ ಮಾಡೀರಿ?’

‘ನೋಡೂಣು.’

‘ಸಂಜಿಗಿ ಎಲ್ಲೋ ಭಾಷಣ ಐತಂತ. ಓಂಕಾರ ಫೋಟೋ ಹಾಕ್ಯಾನ. ಯಾವುದರ ಮ್ಯಾಲೆ?’

ಗೌರೀಶ ಕಿಟಕಿಯ ಕಡೆ ನೋಡಿದ. ‘ಹೆಣ್ಣುಮಕ್ಕಳ ರಕ್ಷಣಾ.’

ಮೇಘಾ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ‘ನಗಸಬ್ಯಾಡ್ರಿ... ಹೊಲಿಗಿ ಎಳೀತಾವ...’ ಕಣ್ಣಲ್ಲಿ ನೀರು ಬಂತು. ಅದು ಹೊಲಿಗೆಯ ನೀರೋ ನಗೆಯ ನೀರೋ ಅವನು ಕೇಳಲಿಲ್ಲ.

ನಾಗರತ್ನಾ ಬಂದು ಮಗಳನ್ನು ಎರೆಯಲು ಬಚ್ಚಲಿಗೆ ಕರೆದುಕೊಂಡು ಹೋದರು. ಬಾಗಿಲು ದಾಟುವಾಗ ಮೇಘಾ ತಿರುಗಿ ತೊಟ್ಟಿಲನ್ನು ನೋಡಿದಳು, ಹಗ್ಗವನ್ನು ನೋಡಿದಳು, ಅವನನ್ನು ನೋಡಿದಳು.

ಬಚ್ಚಲಲ್ಲಿ ನೀರು ಸುರಿಯುವ ಸದ್ದು ಶುರುವಾಯಿತು. ಗೌರೀಶ ಎದ್ದು ಹಗ್ಗದ ಗಂಟಿಗೆ ಕೈಹಾಕಿದ. ಬಾಣಂತಿ ಕೈಯ ಗಂಟು, ಬಿಗಿಯಾಗಿತ್ತು. ಉಗುರು ಹಾಕಿ ಬಿಚ್ಚಿದ.

‘ಅಪ್ಪಾ, ಅದು ತಂಗೀದು.’

ಬಾಗಿಲಲ್ಲಿ ದಾನು ನಿಂತಿದ್ದಳು, ಕೈಯಲ್ಲಿ ಅರ್ಧ ತಿಂದ ರೊಟ್ಟಿ.

‘ಗೊತ್ತೈತವ್ವಾ. ಬೆಳ್ಳಿ ಕಪ್ಪಾಗೇತಿ. ತಿಕ್ಕಿಸಿ ತರ್ತೀನಿ.’

‘ನನಗ್ಯಾಕ ಇಂಥದ ಇಲ್ಲ?’

‘ನಿಂದು ಅರಿಬ್ಯಾಗ ಐತಲ್ಲ, ಛಲೋ ಐತಿ ಅದು.’

‘ತಂಗೀದು ಆದ ಮ್ಯಾಲೆ ನಂದೂ ತಿಕ್ಕಿಸಿಕೊಡ್ತಿ?’

ಅರಿವೆಯನ್ನು ತಿಕ್ಕಿಸುವುದು ಹೇಗೆ ಎಂದು ಅವಳಿಗೆ ಹೇಳಬೇಕೆನ್ನುವಷ್ಟರಲ್ಲಿ ಬಚ್ಚಲ ನೀರು ನಿಂತಿತು. ಗೌರೀಶ ಕರಡಿಗೆಯನ್ನು ಹಾಗೇ ಕಿಸೆಗೆ ತುರುಕಿದ. ‘ಬಸ್ ತಪ್ಪತೈತಿ, ಅತ್ತೀರಿ’ ಎಂದು ಬಚ್ಚಲ ಬಾಗಿಲಿಗೆ ಕೂಗಿ ಹೊರಬಿದ್ದ. ಒಳಗಿನಿಂದ ‘ಚಾ ಕುಡದ ಹೋಗ್ರಿ’ ಎಂಬ ಮಾತು ಅವನ ಹಿಂದೆ ಅಂಗಳದವರೆಗೆ ಬಂದು ನಿಂತಿತು.

*

ಬಸ್ಸಿನಲ್ಲಿ ಕೂತು ಉಸಿರು ಬಿಟ್ಟ ಮೇಲೆ ಕಿಸೆಯೊಳಗೆ ಏನೋ ಟಕ್ ಎಂದಿತು. ಬಸ್ಸು ತಗ್ಗಿಗೆ ಇಳಿದಾಗ ಮತ್ತೆ ಟಕ್. ಗೌರೀಶ ಕರಡಿಗೆ ತೆಗೆದು ಮುಚ್ಚಳ ಸರಿಸಿದ. ವಿಭೂತಿಯ ವಾಸನೆ, ಎಳೆಗೂಸಿನ ಎಣ್ಣೆಯ ವಾಸನೆ. ಒಳಗೆ ಲಿಂಗ ಕಪ್ಪಗೆ ಕೂತಿತ್ತು. ಅರಿವೆ ಇನ್ನೊಂದು ಕಿಸೆಯಲ್ಲಿ ಮಡಿಕೆ ಬಿಚ್ಚದೆ ಉಳಿದಿತ್ತು.

ಅವ್ವ ಬೆಳ್ಳಿಯಷ್ಟೇ ಕೇಳಿದ್ದಳು. ಅವನು ಕೂಸಿನ ಪ್ರಾಣವನ್ನೂ ಸೇರಿಸಿ ತಂದಿದ್ದ.

ಇಂಥದನ್ನೆಲ್ಲ ತಾನು ನಂಬುತ್ತೇನೆಯೇ? ನಂಬುವುದಿಲ್ಲ. ಹಾಗಿದ್ದರೆ ಎದೆ ಯಾಕೆ ಹೊಡೆದುಕೊಳ್ಳುತ್ತಿದೆ? ಇದಲಹೊಂಡದ ನಿಲ್ದಾಣದಲ್ಲಿ ಬಸ್ಸು ನಿಂತಿತು. ಆಚೆ ಬದಿಗೆ ಖಾನಾಪುರಕ್ಕೆ ಹೋಗುವ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಇಳಿಯಬೇಕು, ರಸ್ತೆ ದಾಟಬೇಕು, ಅಷ್ಟೇ. ಅವನು ಎದ್ದು ನಿಂತ.

‘ಕಾಯ್ ಸರ್, ಉತರ್ನಾರ್? ಇಳಿತೀರಿ?’ ಕಂಡಕ್ಟರ್ ಮರಾಠಿಯಲ್ಲೂ ಕನ್ನಡದಲ್ಲೂ ಕೇಳಿದ.

ಗೌರೀಶ ಮುಂದಿನ ಸೀಟಿನ ಸರಳು ಹಿಡಿದು ನಿಂತೇ ಇದ್ದ. ಕಂಡಕ್ಟರ್ ಗಂಟೆ ಹೊಡೆದ. ಮೊಬೈಲಿನಲ್ಲಿ ಮೇಘಾಳ ಹೆಸರು ಬೆಳಗಿತು, ಆರಿತು, ಮತ್ತೆ ಬೆಳಗಿತು. ಅವನು ಕೂತುಕೊಂಡ.

*

ಸಂಜೆ ತನ್ನೂರಿನ ಸದಾಶಿವನಗರದ ಸಭಾಂಗಣದ ಬಾಗಿಲಲ್ಲೇ ಓಂಕಾರ ತಬ್ಬಿಕೊಂಡ. ‘ಗಂಡೋ ಹೆಣ್ಣೋ, ಪೇಡಾನೋ ಬರ್ಫಿನೋ ಅಂತ ಎಲ್ಲಾರೂ ಕೇಳಾಕತ್ತಾರ. ಬರ್ಫಿ ಅಂದೆ. ಇರ್ಲಿ ಬಿಡು, ಮುಂದಿನ ಸಲ ಪೇಡಾ.’

ವೇದಿಕೆಯ ಒಂದು ಬದಿಗೆ ಮೂರು, ನಾಲ್ಕು ಗಂಡು ಹೆತ್ತ ತಾಯಂದಿರು ಸಾಲಾಗಿ ಕೂತಿದ್ದರು. ಅವರಿಗೆ ಉಡಿ ತುಂಬುವುದಿತ್ತು. ಓಂಕಾರ ಮೈಕು ಹಿಡಿದ. ‘ನಮ್ಮ ಹುಡಗ್ಯಾರ ಮ್ಯಾಲೆ ಅವರ ಕಣ್ಣ ಬಿದ್ದೈತಿ. ನಮ್ಮ ಹೆಣ್ಣ ನಮ್ಮ ಮಾನ! ಒಂದ ಹೆಣ್ಣ ಹೊರಗ ಹ್ವಾದ್ರ ಹತ್ತ ಕೈ ಎದ್ದ ಬರಬೇಕು. ಅದಕ್ಕ ಪ್ರತಿ ಮನ್ಯಾಗ ಗಂಡಮಕ್ಕಳ ಬೇಕು!’ ‘ಅವರು’ ಯಾರೆಂದು ಅವನು ಹೇಳಲಿಲ್ಲ. ಯಾರೂ ಕೇಳಲಿಲ್ಲ. ಚಪ್ಪಾಳೆ ಮಾತ್ರ ಸರಿಯಾದ ಜಾಗದಲ್ಲಿ ಬಿತ್ತು. ಮಾತೊಂದು ಎಲ್ಲಿ ಏರಬೇಕು ಎಂಬುದನ್ನು ಓಂಕಾರ ಯಾರಿಂದ ಕಲಿತ? ಹತ್ತು ವರ್ಷದ ಕೆಳಗೆ ಇವನು ತನ್ನದೇ ಕ್ಲಾಸಿನ ಮುಂದಿನ ಬೆಂಚಿನಲ್ಲಿದ್ದ ಎಂಬುದು ಗೌರೀಶನಿಗೆ ಈಗ ನೆನಪಾಯಿತು.

ಉದ್ಘಾಟನೆಗೆ ದೀಪವಿರಲಿಲ್ಲ. ಹೂ ಸುತ್ತಿದ ತೊಟ್ಟಿಲು ತಂದಿಟ್ಟರು. ಕೇಸರಿ ಶಾಲು ಹೊದಿಸಿ ಗೌರೀಶನ ಕೈಗೆ ತೊಟ್ಟಿಲ ಹಗ್ಗ ಕೊಟ್ಟರು. ಅವನು ಬಗ್ಗಿ ನೋಡಿದ. ಒಳಗೆ, ಚೆಂಡುಹೂವಿನ ಮೇಲೆ, ಹೊದಿಕೆ ಹೊದ್ದು ಒಂದು ಖಡ್ಗ ಮಲಗಿತ್ತು. ಕೂಸಿನ ಹಣೆಯಿರಬೇಕಾದಲ್ಲಿ ಹಿಡಿಗೆ ಕುಂಕುಮ ಹಚ್ಚಿದ್ದರು.

ತಾಯಂದಿರು ಜೋಗುಳ ಎತ್ತಿದರು. ಗೌರೀಶ ಹಗ್ಗ ಎಳೆದ. ಖಡ್ಗ ಜಾರಿ ತೊಟ್ಟಿಲ ಹಲಗೆಗೆ ಟಕ್ ಎಂದಿತು. ಅದೇ ಹೊತ್ತಿಗೆ ಕಿಸೆಯಲ್ಲಿ ಮೊಬೈಲು ನಡುಗಿತು. ಅದಕ್ಕೆ ತಾಗಿಕೊಂಡಿದ್ದ ಬೆಳ್ಳಿಯೊಳಗೆ ಲಿಂಗ ಬಡಿದುಕೊಳ್ಳತೊಡಗಿತು, ಒಳಗಿನಿಂದ ಯಾರೋ ಸಣ್ಣ ಮುಷ್ಟಿಯಿಂದ ಬಾಗಿಲು ಬಡಿಯುವ ಹಾಗೆ.

‘ಸರ್, ಫೋಟೋ ಬರಲಿಲ್ರಿ. ಇನ್ನೊಮ್ಮಿ ತೂಗ್ರಿ’ ಎಂದ ಫೋಟೋದವನು.

ಗೌರೀಶ ತೂಗಿದ. ಮೆಲ್ಲಗೆ ತೂಗಿದ, ಒಳಗೆ ಮಲಗಿದ್ದಕ್ಕೆ ಎಚ್ಚರವಾದೀತು ಎಂಬಂತೆ.